ಗೌಡರ ಕಣದಲ್ಲಿ ನಾಲ್ಕು ನಿಮಿಷ

ಹಮ್ಮಿಗಿಯ ಆಶಾ ಕಾರ್ಯಕರ್ತೆ ಹುಚ್ಚವ್ವನಿಗೆ ಆ ಹೆಸರಿಟ್ಟವರು ಯಾರೋ ಏನೋ, ಅವಳಷ್ಟು ನೆಟ್ಟಗಿನ ತಲೆ ಊರಲ್ಲಿ ಇನ್ನೊಂದಿರಲಿಲ್ಲ. ಯಾವ ಕೂಸಿಗೆ ಯಾವತ್ತು ಸೂಜಿ, ಯಾರ ಸೊಸೆಗೆ ಎಷ್ಟು ತಿಂಗಳು, ಎಲ್ಲವೂ ಬಾಯಲ್ಲೇ ಇತ್ತು. ಅದೇ ತಲೆಯೊಳಗೆ ಹನ್ನೊಂದು ವರ್ಷದಿಂದ ಒಂದು ಬೆರಳೂ ಕೂತಿತ್ತು. ನಿಜಲಿಂಗಪ್ಪ ಗೌಡರ ಬಲಗೈ ತೋರುಬೆರಳು. ಅದನ್ನು ಮರೆಯುವ ಮನಸ್ಸೇ ಅವಳಿಗಿರಲಿಲ್ಲ.

ಆ ವರ್ಷ ಸುಗ್ಗಿಯಲ್ಲಿ ಅವಳ ಗಂಡ ಮೂಕಪ್ಪನಿಗೆ ಹೊಲದಲ್ಲಿ ಹಾವು ಕಚ್ಚಿತು. ಟ್ರ್ಯಾಕ್ಟರಿನಲ್ಲಿ ಮಲಗಿಸಿಕೊಂಡು ಮುಂಡರಗಿ ದವಾಖಾನೆಗೆ ಹೊರಟರು. ಡಾಂಬರು ರಸ್ತೆಗೆ ಹತ್ತಿರದ ದಾರಿ ಗೌಡರ ಕಣದ ಮೇಲೇ ಹಾಯುತ್ತಿತ್ತು. ಕಣದಲ್ಲಿ ಜೋಳದ ರಾಶಿ, ರಾಶಿಗೆ ಪೂಜೆ. ಪೂಜೆ ಮುಗಿಯುವ ತನಕ ಅಲ್ಲಿ ಯಾರೂ ಮಾತಾಡಬಾರದು, ಚಪ್ಪಲಿ ಮೆಟ್ಟಬಾರದು, ಕೆಟ್ಟ ಸುದ್ದಿ ತರಬಾರದು, ರಾಶಿಗೆ ಅಡ್ಡ ಹಾಯಬಾರದು. ಹಾಯ್ದರೆ ಹುಲುಸು ಹೋಗುತ್ತದೆ ಎಂಬುದು ಆ ಮನೆಯ ಕಟ್ಟು. ಗೌಡರು ತುಟಿ ಬಿಚ್ಚಲಿಲ್ಲ. ತೋರುಬೆರಳೆತ್ತಿ ಗಾಳಿಯಲ್ಲಿ ಒಂದು ಸುತ್ತು ಬರೆದರು. ಸುತ್ತು ಹಾಕಿಕೊಂಡು ಹೋಗಿ ಎಂದು.

ಸುತ್ತು ದಾರಿ ಹಳ್ಳದೊಳಗಿನದು. ಉಸುಕಿನಲ್ಲಿ ಗಾಲಿ ಹೂತವು. ಮೂಕಪ್ಪ ಅಲ್ಲೇ, ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಜೀವ ಬಿಟ್ಟ. ಗೌಡರು ಮಣ್ಣಿಗೆ ಬಂದರು, ಹಾರ ಹಾಕಿದರು, ಹೋದರು. ರಾಶಿ ಇದ್ದಾಗ ಪಾಪ ಅವರಾದರೂ ಏನು ಮಾಡಬೇಕು ಎಂದು ಊರವರು ಮಾತಾಡಿಕೊಂಡರು. ಆ 'ಪಾಪ' ಎಂಬ ಮಾತು ಹುಚ್ಚವ್ವನ ಎದೆಯಲ್ಲಿ ಮುಳ್ಳು ಮುರಿದಂತೆ ಉಳಿಯಿತು.

ಹೋದ ವರ್ಷ ತಾಲೂಕಿನ ಅಧಿಕಾರಿಗಳು ಬಂದರು. ಇನ್ನು ಮುಂದೆ ಹಾವಿನ ಔಷಧ, ಹುಚ್ಚುನಾಯಿ ಔಷಧ ಎಲ್ಲ ಮುಂಡರಗಿಯಿಂದ ಡ್ರೋನಿನಲ್ಲಿ ಹಾರಿ ಬರುತ್ತದೆ, ಇಳಿಸಲು ಸಪಾಟಾದ ಜಾಗ ತೋರಿಸು ಎಂದರು. ಈಚೆಗೆ ಊರಲ್ಲೇ ಆದ ಸಣ್ಣ ಆಸ್ಪತ್ರೆಗೆ ಅಂಟಿಕೊಂಡೇ ಶಾಲೆಯ ಬಯಲಿತ್ತು. ಹುಚ್ಚವ್ವ ಅದನ್ನು ಎರಡನೆಯ ಜಾಗವೆಂದು ಬರೆಸಿದಳು.

“ಮೊದಲನೇದು ಗೌಡ್ರ ಕಣಾರಿ,” ಎಂದಳು. “ಅದರಂಥಾ ಜಾಗಾ ಸುತ್ತ ಹತ್ತು ಊರಾಗ ಸಿಗಂಗಿಲ್ಲ.”

ಗೌಡರು ಉಬ್ಬಿದರು. ಪೇಪರಿನಲ್ಲಿ ಫೋಟೋ ಬಂತು. ಕಣವನ್ನು ವರ್ಷವಿಡೀ ಖಾಲಿ ಇಡುತ್ತೇನೆ ಎಂದು ಸಹಿ ಹಾಕಿಕೊಟ್ಟರು. ಸಹಿ ಹಾಕುವಾಗ ಸುಗ್ಗಿ ನೆನಪಾಗಲಿಲ್ಲ. ಹುಚ್ಚವ್ವನಿಗೆ ನೆನಪಿತ್ತು. ಆ ಕಾಗದದ ಪ್ರತಿಯನ್ನು ಚೀಲದಲ್ಲಿ ಮಡಚಿಟ್ಟುಕೊಂಡು ಕಾದಳು.

ಸುಗ್ಗಿ ಬಂತು. ಜೋಳ ಕೊಯ್ದದ್ದು ಮಷಿನ್ನು, ಆದರೂ ಗೌಡರು ಅದನ್ನು ತಂದು ಕಣದಲ್ಲಿ ಸುರಿಸಿ ರಾಶಿ ಮಾಡಿಸಿದರು. ಕಾಳು ಮಷಿನ್ನಿನದು, ಮಡಿ ಮಾತ್ರ ಮುತ್ತಜ್ಜನದು. ಪೂಜೆಯ ಬೆಳಿಗ್ಗೆ ಅವರ ಸೊಸೆ ಕಾಂಚನಾ ಹಿತ್ತಲಲ್ಲಿ ಒಲೆಗೆ ಸಗಣಿ ಕುಳ್ಳು ತೆಗೆಯಲು ಕೈ ಹಾಕಿದಳು. ಹಾವು ಕಚ್ಚಿತು.

ಅತ್ತೆ ಕಸ್ತೂರೆವ್ವ ಅವಳನ್ನು ಆಟೋದಲ್ಲಿ ಊರ ಆಸ್ಪತ್ರೆಗೆ ತಂದಳು. ಇದ್ದ ಔಷಧದ ಎರಡೇ ಶೀಷೆ ಆಗಲೇ ಮೈಗೆ ಹೋಗಿದ್ದವು. ಹುಡುಗಿಯ ರೆಪ್ಪೆ ಜೋತು ಬೀಳುತ್ತಿದ್ದವು. ಇನ್ನೂ ಎಂಟು ಶೀಷೆ ಬೇಕು, ಅದೂ ಜಲ್ದಿ ಎಂದರು ಡಾಕ್ಟರು. ಕಾಂಚನಾಳ ಗಂಡ ವೀರು ಗದಗಿಗೆ ಹೋಗಿದ್ದ.

“ಗೌಡ್ರಿಗೆ ಹೇಳಿ ಕಳಸ್ಲೇನ್ರಿ?” ಎಂದು ಹುಚ್ಚವ್ವ ಕೇಳಿದಳು.

“ಬ್ಯಾಡವಾ,” ಎಂದಳು ಕಸ್ತೂರೆವ್ವ ಅಳುತ್ತ. “ರಾಶಿ ಮುಂದ ಕೆಟ್ಟ ಖಬರ ಒಯ್ಯಬಾರದು. ಆಮ್ಯಾಲೆ ನನ್ನ ಜೀವಾ ತಿಂತಾರ.”

ಅಷ್ಟರಲ್ಲಿ ಫೋನು ಬಂತು. ಮುಂಡರಗಿಯಲ್ಲಿ ಕೂತು ಡ್ರೋನ್ ಹಾರಿಸುವ ಐಶ್ವರ್ಯಾ. “ಅಕ್ಕಾರ, ಔಷಧ ಹೊಂಟೈತ್ರಿ. ಕಣಕ್ಕ ಕಳಸ್ಲೇನ್ರಿ, ಶಾಲಿ ಬಯಲಿಗೆ ಕಳಸ್ಲೇನ್ರಿ?”

ಹುಚ್ಚವ್ವ ಕಾಂಚನಾಳ ಮುಖ ನೋಡಿದಳು. ಆ ಮನೆಯಲ್ಲಿ ತನ್ನನ್ನು ಒಳಗೆ ಕರೆದು, ಪಕ್ಕದಲ್ಲಿ ಕೂರಿಸಿಕೊಂಡು ಚಹಾ ಕೊಡುತ್ತಿದ್ದವಳು ಇವಳೊಬ್ಬಳೇ. ಶಾಲೆಗೆ ಎಂದುಬಿಟ್ಟರೆ ಮುಗಿಯಿತು. ಆದರೆ ಹನ್ನೊಂದು ವರ್ಷ ಕಾದದ್ದು ಈ ದಿನಕ್ಕೇ.

“ಮೊದಲ ಕಣಕ್ಕ ಕಳಸವಾ,” ಎಂದಳು. “ಅಲ್ಲಿ ಆಗಲಿಲ್ಲಂದ್ರ ನಾ ಹೇಳ್ತೀನಿ, ಶಾಲಿಗೆ ತಿರಗಸು.”

ಆಸ್ಪತ್ರೆಯ ಮುಸ್ತಾಕನಿಗೆ ಶಾಲೆಯ ಬಯಲಲ್ಲಿ ಗುರುತಿನ ಬಟ್ಟೆ ಹಾಸಿ ನಿಲ್ಲಲು ಹೇಳಿ, ಸ್ಕೂಟಿ ಹತ್ತಿ ಕಣಕ್ಕೆ ಹೋದಳು. ಗೌಡರು ಮಡಿಯುಟ್ಟು ರಾಶಿಗೆ ಲೋಬಾನ ಹಾಕುತ್ತಿದ್ದರು. ಆಳುಗಳು ಬರಿಗಾಲಲ್ಲಿ ಕೈಕಟ್ಟಿ ನಿಂತಿದ್ದರು. ಮೇಲೆ ಡ್ರೋನ್ ಬಂದು ಗುಂಯ್ ಎನ್ನುತ್ತ ನಿಂತಿತು. ಇಳಿಯಲು ಜಾಗವಿರಲಿಲ್ಲ. ಹುಚ್ಚವ್ವ ಚಪ್ಪಲಿ ಕಳಚದೆ ಕಣದ ಅಂಚಿನಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು:

“ಗೌಡ್ರ, ಹಾವು ಕಡದಾರಿಗೆ ಔಷಧ ಬಂದೈತ್ರಿ. ರಾಶಿ ಒಂಚೂರು ಸರಸ್ರಿ.”

ಯಾರಿಗೆ ಎಂದು ಹೇಳಲಿಲ್ಲ. ಹೇಳಿದ್ದರೆ ಆ ಬೆರಳು ಏಳುತ್ತಿರಲಿಲ್ಲ, ಅವಳಿಗೆ ಬೇಕಾದದ್ದು ಆ ಬೆರಳು. ಗೌಡರು ಮೇಲೆ ನೋಡಿದರು, ಇವಳನ್ನು ನೋಡಿದರು, ಮುಖ ಗಂಟಿಕ್ಕಿ ಪೂಜೆ ಮುಂದುವರಿಸಿದರು. ಅವಳು ಮತ್ತೊಮ್ಮೆ ಕೇಳಿದಳು. ಕೊನೆಗೆ ಬಲಗೈ ಎದ್ದಿತು. ತೋರುಬೆರಳು ಗಾಳಿಯಲ್ಲಿ ಒಂದು ಸುತ್ತು ಬರೆಯಿತು.

ಹುಚ್ಚವ್ವ ಬೆನ್ನು ತಿರುಗಿಸಿ ಫೋನಿನಲ್ಲಿ, “ಶಾಲಿಗೆ ಒಯ್ಯವಾ,” ಎಂದಳು. ಡ್ರೋನ್ ತಿರುಗಿ ಹೋಯಿತು. ಅದು ಕಣದ ಮೇಲೆ ಬಂದು ನಿಂತು ನಾಲ್ಕು ನಿಮಿಷ ಆಗಿತ್ತು. ಆಮೇಲೆ ಚೀಲದಿಂದ ಕಾಗದ ತೆಗೆದು ಬಿಡಿಸಿದಳು.

“ಕಣಾ ಖಾಲಿ ಇಡ್ತೀನಂತ ಸಹಿ ಮಾಡಿದ್ರಿ. ಬಂದ ಔಷಧ ತಿರಗಿ ಕಳಿಸಿದ್ರಿ. ಯಾರಿಗೆ ಬಂದಿತ್ತಂತ ಕೇಳಲೇ ಇಲ್ಲಲ್ರಿ. ನಿಮ್ಮ ಸೊಸಿ ಕಾಂಚನಾಗ ಬಂದಿತ್ತು.”

“ಏನಂದಿ?” ಎಂದರು ಗೌಡರು. ರಾಶಿಯ ಮುಂದೆ ಮಾತು ಬಿದ್ದಿತ್ತು, ಅದು ಅವರಿಗೇ ತಿಳಿಯಲಿಲ್ಲ. ಊರ ಕಡೆಯ ದಾರಿ ರಾಶಿಯ ಆಚೆಗಿತ್ತು. ಸುತ್ತಿ ಹೋಗಲು ಹತ್ತು ಹೆಜ್ಜೆ ಹೆಚ್ಚು, ಅಷ್ಟೇ. ಆ ಹತ್ತು ಹೆಜ್ಜೆಗೂ ಅವರಿಗೆ ತಾಳ್ಮೆಯಿರಲಿಲ್ಲ. ಮೊಣಕಾಲು ಮಟ ಜೋಳದಲ್ಲಿ ಹೂತು, ಎಡವಿ, ತುಳಿದು, ಪೂಜೆಯ ತಂಬಿಗೆ ಉರುಳಿಸಿ ಓಡಿದರು. ಆಳುಗಳು ಬಾಯಿ ಬಿಟ್ಟುಕೊಂಡು ನೋಡಿದರು. ಹುಚ್ಚವ್ವ ಕಣ್ತುಂಬ ನೋಡಿದಳು. ಹನ್ನೊಂದು ವರ್ಷದಲ್ಲಿ ಅಷ್ಟು ಸಂತೋಷ ಅವಳಿಗೆ ಇನ್ನೊಂದು ದಿನ ಆಗಿರಲಿಲ್ಲ.

ಆಸ್ಪತ್ರೆಯಲ್ಲಿ ಔಷಧ ಆಗಲೇ ಹನಿಹನಿಯಾಗಿ ಇಳಿಯುತ್ತಿತ್ತು. ಮುಸ್ತಾಕ ಡಬ್ಬಿ ತಂದು ಕೊಟ್ಟಿದ್ದ. ಗೌಡರು ಅದನ್ನು ನೋಡಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕುಸಿದರು. ಧೋತರದ ಅಂಚಿನಲ್ಲಿ ಜೋಳ ಸಿಕ್ಕಿಕೊಂಡಿತ್ತು.

“ಜೀವಕ್ಕ ಏನೂ ಆಗಂಗಿಲ್ರಿ. ಇನ್ನೊಂದೀಟು ತಡ ಆಗಿದ್ರ ನನ್ನ ಕೈಯಾಗ ಇರ್ತಿರಲಿಲ್ಲ,” ಎಂದು ಡಾಕ್ಟರು ಒಳಗೆ ಹೋದರು. ಹುಚ್ಚವ್ವ ಕಣದಲ್ಲಿ ಕಳೆದ ನಿಮಿಷಗಳನ್ನು ಲೆಕ್ಕ ಹಾಕಿದಳು. ಆ ನಾಲ್ಕು ನಿಮಿಷಕ್ಕೆ ದೇವರು ಜವಾಬು ಕೇಳಿದರೆ ಕೇಳಲಿ, ಮೊದಲು ಮೂಕಪ್ಪನ ಜೀವಕ್ಕೆ ಅವನು ಜವಾಬು ಕೊಡಲಿ ಎಂದುಕೊಂಡಳು. ಗೌಡರ ಎದುರಿಗೆ ಹೋಗಿ ನಿಂತಳು.

“ರಾಶಿ ತುಳದ್ರಿ ಗೌಡ್ರ.”

ಅವರು ಧೋತರದ ಅಂಚಿನಿಂದ ಒಂದೊಂದೇ ಕಾಳು ಬಿಡಿಸತೊಡಗಿದರು.

“ತುಳೀಬಹುದಿತ್ತು ಅಂದಂಗಾತು. ಅವತ್ತೂ ತುಳೀಬಹುದಿತ್ತು.”

ಗೌಡರು ಬಲಗೈಯನ್ನು ಎಡಗೈಯಲ್ಲಿ ಮುಚ್ಚಿಕೊಂಡು ಕೂತರು.

ಸಂಜೆಗೆ ಕಾಂಚನಾ ಕಣ್ಣು ತೆರೆದಳು. ಹುಚ್ಚವ್ವನ ಕೈ ಹಿಡಿದು ಮೆಲ್ಲಗೆ ಹೇಳಿದಳು: “ಅತ್ತಿ ಹೇಳಿದ್ರಕ್ಕಾ. ಒಂದು ನಿಮಿಷಾನೂ ಕುಂಡ್ರದ ಓಡಾಡಿ ನೀನ ಉಳಿಸಿದೆಂತ.”

ಕಣದಲ್ಲಿ ನಿಂತ ನಾಲ್ಕು ನಿಮಿಷದ ಲೆಕ್ಕ ಬಲ್ಲ ಹುಚ್ಚವ್ವ ತನ್ನ ಕೈಯನ್ನು ಮೆಲ್ಲಗೆ ಬಿಡಿಸಿಕೊಂಡಳು.