ಔ ನದಿಯ ಹನ್ನೊಂದನೆಯ ಹೊಸಿಲು

ಕೋವಿಡ್ ಗಲಾಟೆ ಮುಗಿದ ಎರಡನೆಯ ಚಳಿಗಾಲದಲ್ಲಿ ನಾನು ಹ್ಯಾಂಬರ್ಗ್‌ನ ಒಂದು ಸಣ್ಣ ಕನ್ಸಲ್ಟನ್ಸಿಯಲ್ಲಿ ಸೀನಿಯರ್ ಹೈಡ್ರಾಲಿಕ್ ಎಂಜಿನಿಯರ್ ಆಗಿದ್ದೆ. ಆಖೆನ್‌ನಲ್ಲಿ ಮಾಸ್ಟರ್ಸ್ ಮುಗಿಸಿ ಜರ್ಮನಿಯಲ್ಲೇ ನೆಲೆ ನಿಂತು ಇಪ್ಪತ್ತು ವರ್ಷ ದಾಟಿತ್ತು. ಜೊತೆಗೆ ಓದಿದ ಕನ್ನಡದವರಲ್ಲಿ ಹೆಚ್ಚಿನವರು ಫ್ರಾಂಕ್‌ಫರ್ಟ್‌ನ ಐಟಿ ಕಂಪನಿಗಳಿಗೆ ಹಾರಿ ಬೆಚ್ಚಗೆ ಕೂತಿದ್ದರು. ನಾನು ಗಮ್‌ಬೂಟು ಹಾಕಿಕೊಂಡು ಕೆಸರು ತುಳಿಯುತ್ತಿದ್ದೆ. ಅದರ ಬಗ್ಗೆ ದೂರೇನಿಲ್ಲ. ಕೋಟದ ಗದ್ದೆಬದಿಯಲ್ಲಿ ಬೆಳೆದವನಿಗೆ ಕೆಸರು ಹೊಸದಲ್ಲ. ಆದರೆ ಆ ಚಳಿಗಾಲದ ಕೆಲಸ ನನ್ನನ್ನು ಕೂತಲ್ಲಿ ಕೂರಲು, ನಿಂತಲ್ಲಿ ನಿಲ್ಲಲು ಬಿಡಲಿಲ್ಲ.

ಕೆಲಸ ಒಂದು ನದಿಯದು. ಉತ್ತರ ಸಮುದ್ರದ ಕರಾವಳಿಯಲ್ಲಿ, ಡೆನ್ಮಾರ್ಕ್ ಗಡಿಗೆ ಹೆಚ್ಚು ದೂರವಲ್ಲದ ಕಡೆ ಹರಿಯುವ ಪುಟ್ಟ ನದಿ. ನಕಾಶೆಯಲ್ಲಿ ಅದಕ್ಕೊಂದು ಉದ್ದನೆಯ ಹೆಸರಿದೆ. ಊರವರು ಬರೀ 'ಔ' ಅನ್ನುತ್ತಾರೆ. ಆ ಕಡೆ ಸಣ್ಣ ನದಿಗಳಿಗೆಲ್ಲ ಹಾಗೆಯೇ ಅನ್ನುವುದು. ಹುಟ್ಟಿದಲ್ಲಿಂದ ಸಮುದ್ರದವರೆಗೆ ಸೈಕಲ್ ತುಳಿದರೆ ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಇಡೀ ನದಿ ಮುಗಿದುಹೋಗುತ್ತದೆ. ಎದುರುಗಾಳಿ ಇದ್ದರೆ ಮಾತ್ರ ಊಟ ತಡ. ಅಲ್ಲಿ ಎದುರುಗಾಳಿ ಇಲ್ಲದ ದಿನವನ್ನು ನಾನು ಕಂಡಿಲ್ಲ.

ಒಳನಾಡಿನ ಮರಳುದಿಬ್ಬದ ಮೇಲೆ, ಬೀಚ್ ಮರಗಳ ತೋಪಿನಲ್ಲಿ ಒಂದು ಒರತೆಯಾಗಿ ಔ ಹುಟ್ಟುತ್ತದೆ. ಅಲ್ಲಿ ಅದನ್ನು ಒಂದು ಹೆಜ್ಜೆಯಲ್ಲಿ ದಾಟಬಹುದು. ಕೆಳಗೆ ಒಂದು ಹಳೆಯ ಹಿಟ್ಟಿನ ಗಿರಣಿಯ ಕೆರೆ. ಗಿರಣಿ ಹೋಗಿ ಈಗ ಅಲ್ಲಿ ಕೇಕ್ ಅಂಗಡಿ. ಆಮೇಲೆ ಜೌಗುನೆಲ. ಅದನ್ನು ದಾಟಿದರೆ ಹಪ್ಪಳದಷ್ಟು ಚಪ್ಪಟೆಯಾದ ಹುಲ್ಲುಗಾವಲು. ಅಲ್ಲಿಂದ ಮುಂದೆ ನದಿ ಸ್ಕೇಲ್ ಇಟ್ಟು ಗೀರಿದ ಗೆರೆಯಂತೆ ನೆಟ್ಟಗೆ ಹೋಗಿ ಕಡಲೊಡ್ಡನ್ನು ತಲುಪುತ್ತದೆ. ಒಡ್ಡಿನಲ್ಲಿ ಜೋಡಿ ಬಾಗಿಲಿನ ಒಂದು ತೂಬು. ಅದನ್ನು 'ಝೀಲ್' ಎನ್ನುತ್ತಾರೆ. ಸಮುದ್ರ ಇಳಿದಾಗ ನದಿಯ ನೀರೇ ಬಾಗಿಲನ್ನು ತಳ್ಳಿ ಹೊರಗೆ ಹೋಗುತ್ತದೆ. ಸಮುದ್ರ ಏರಿದಾಗ ಸಮುದ್ರವೇ ಬಾಗಿಲನ್ನು ಮುಚ್ಚಿಬಿಡುತ್ತದೆ. ಯಾರೂ ಕೈ ಹಾಕಬೇಕಾಗಿಲ್ಲ.

ಈ ನದಿ ಹುಟ್ಟಾ ನೆಟ್ಟಗಿದ್ದದ್ದಲ್ಲ. ಒಡ್ಡು ಕಟ್ಟುವ ಮೊದಲು ಭರತದ ನೀರು ಒಳನಾಡಿನವರೆಗೆ ಬರುತ್ತಿತ್ತು; ಸಣ್ಣ ಹಡಗುಗಳು ಇಟ್ಟಿಗೆ ತಂದು ಧಾನ್ಯ ಒಯ್ಯುತ್ತಿದ್ದವು. ಒಡ್ಡು ಬಂದ ಮೇಲೆ ಬಂದರಿನಲ್ಲಿ ಹೂಳು ತುಂಬಿ ಹಡಗು ನಿಂತಿತು. ಕಳೆದ ಶತಮಾನದಲ್ಲಿ ಯಂತ್ರ ತಂದು ನದಿಯ ಡೊಂಕುಗಳನ್ನೆಲ್ಲ ಕತ್ತರಿಸಿ, ಕಾಲುವೆ ತೋಡಿ, ಜೌಗನ್ನು ಬಸಿದು ಹುಲ್ಲುಗಾವಲು ಮಾಡಿದರು. ಬಸಿದ ಜೌಗು ಹಿಂಡಿದ ಸ್ಪಂಜಿನಂತೆ ಕುಗ್ಗುತ್ತದೆ. ನೀರು ಬಸಿದಷ್ಟೂ ನೆಲ ಇಳಿಯಿತು. ನೆಲ ಇಳಿದಷ್ಟೂ ಇನ್ನೂ ಬಸಿಯಬೇಕಾಯಿತು. ಈಗ ಔ ತನ್ನ ಅಕ್ಕಪಕ್ಕದ ನೆಲಕ್ಕಿಂತ ಎತ್ತರದಲ್ಲಿ, ಎರಡು ದಂಡೆಗಳ ನಡುವೆ ಹರಿಯುತ್ತದೆ. ನಮ್ಮೂರಿನಲ್ಲಿ ಮಳೆಗಾಲ ಬಂದರೆ ಹೊಳೆಯೇ ಅಳಿವೆಯ ಮರಳು ಕಡಿದುಕೊಂಡು ಕಡಲಿಗೆ ನುಗ್ಗುವುದನ್ನು ನೋಡಿದವನಿಗೆ, ಮಳೆ ಸುರಿಯುವಾಗಲೇ ಬಾಗಿಲು ಹಾಕಿಕೊಂಡು ಒಳಗೇ ಉಬ್ಬುವ ಈ ನದಿಯನ್ನು ನೋಡಿದರೆ ಉಸಿರು ಕಟ್ಟಿದಂತಾಗುತ್ತಿತ್ತು.

ಸಮುದ್ರದ ಮಟ್ಟ ಏರುತ್ತಿರುವುದರಿಂದ ಬಾಗಿಲು ಮುಚ್ಚಿರುವ ಹೊತ್ತು ವರ್ಷವರ್ಷವೂ ಹೆಚ್ಚುತ್ತಿತ್ತು. ಕಾಲುವೆ, ತೂಬುಗಳನ್ನು ನೋಡಿಕೊಳ್ಳುವ, ನಮಗೆ ಈ ಕೆಲಸ ಕೊಟ್ಟ ಊರಿನ ನೀರಿನ ಸಂಘದ ಮುಂದೆ ಎರಡು ದಾರಿ. ದೊಡ್ಡ ಪಂಪಿಂಗ್ ಸ್ಟೇಷನ್ ಕಟ್ಟಿ ನದಿಯನ್ನು ಶಾಶ್ವತವಾಗಿ ಎತ್ತಿ ಸುರಿಯುವುದು; ಇಲ್ಲವೆ ಸಣ್ಣ ಪಂಪಿನಲ್ಲಿ ಹದಿನೈದು ವರ್ಷ ತಳ್ಳಿ, ಆಮೇಲೆ ಕೆಳಗಿನ ಹುಲ್ಲುಗಾವಲನ್ನು ನದಿಗೇ ಬಿಟ್ಟುಕೊಡುವುದು. ನಮ್ಮ ಮಾಡೆಲ್ ಪ್ರಕಾರ ಬಿಟ್ಟುಕೊಟ್ಟರೆ ಚಳಿಗಾಲದ ನೀರು ಸಮುದ್ರಮಟ್ಟದಿಂದ ಒಂದು ಮೀಟರ್ ಹತ್ತು ಸೆಂಟಿಮೀಟರ್ ಎತ್ತರಕ್ಕೆ ನಿಲ್ಲುತ್ತದೆ. ಈ ಅಂಕಿಯನ್ನು ಹಿಂದಿನ ಸಭೆಯಲ್ಲೇ ಊರಿಗೆಲ್ಲ ಹೇಳಿದ್ದೆವು. ಊರು ಗಾಬರಿಯಾಗಲಿಲ್ಲ. ಕೆಳಗೆ ಇದ್ದದ್ದು ಹನ್ನೊಂದು ಮನೆ. ಎಲ್ಲವೂ ಮಣ್ಣಿನ ದಿಬ್ಬದ ಮೇಲೆ. ಹಳೆಯ ಸರ್ವೆ ಪ್ರಕಾರ ಎಲ್ಲ ಹೊಸಿಲುಗಳೂ ಅದಕ್ಕಿಂತ ಮೇಲೆ. ಹುಲ್ಲುಗಾವಲು ಹೋದರೂ ಮನೆ ಉಳಿಯುತ್ತದೆ ಎಂದು ಎಲ್ಲರೂ ನಂಬಿದ್ದರು. ನೆಲ ಇಳಿದಿದೆ ಎಂದ ಮೇಲೆ ದಿಬ್ಬವೂ ಇಳಿದಿರಬೇಕಲ್ಲ? ಅದಕ್ಕೇ ನನ್ನನ್ನು ಹೊಸಿಲು ಅಳೆಯಲು ಕಳಿಸಿದ್ದು.

ನಾನು ಉಳಿದುಕೊಂಡದ್ದು ಆ ಹನ್ನೊಂದರಲ್ಲೇ ಒಂದು ಮನೆಯಲ್ಲಿ. ಹತ್ತಿರದಲ್ಲಿ ಹೋಟೆಲ್ ಇರಲಿಲ್ಲ; ಫ್ರಾವ್ ರಿಕ್ಟರ್ ತಮ್ಮ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಕೊಡುತ್ತಿದ್ದರು. ಐವತ್ತೈದರ ಆಸುಪಾಸಿನ ಹೆಂಗಸು, ಶಾಲೆಯ ಬಸ್ ಓಡಿಸುವವರು. ಮೂಲ ಡ್ರೆಸ್ಡೆನ್ ಕಡೆ. ಇಪ್ಪತ್ತು ವರ್ಷದ ಹಿಂದೆ ರಜೆಗೆಂದು ಬಂದು, ಬೀಳುವಂತಿದ್ದ ಈ ಮನೆಯನ್ನು ನೋಡಿ, ವಾಪಸು ಹೋಗಲೇ ಇಲ್ಲವಂತೆ. ಗೋಡೆಗೆ ಸುಣ್ಣ ಬಳಿದದ್ದು, ನೆಲಕ್ಕೆ ಇಟ್ಟಿಗೆ ಹಾಸಿದ್ದು ಎಲ್ಲ ಅವರ ಕೈಯದೇ. ಉಳಿದದ್ದು ಹುಲ್ಲಿನ ಮಾಡು. ನಮ್ಮಲ್ಲಿ ಮುಳಿಹುಲ್ಲು ಹೊದೆಸಿದಂತೆ ಅಲ್ಲಿ ನದಿ ಬದಿಯ ಜೊಂಡು ಹೊದೆಸುತ್ತಾರೆ. ಅಂಗಳದಲ್ಲಿ ಜೊಂಡಿನ ಕಟ್ಟುಗಳು ಟಾರ್ಪಾಲಿನ ಅಡಿ ರಾಶಿ ಬಿದ್ದಿದ್ದವು. ಸೋಮವಾರ ಮಾಡು ಹೊದೆಸುವವರು ಬರುವವರಿದ್ದರು.

"ಈ ಮಾಡು ಒಂದು ಮುಗಿದರೆ ನನ್ನ ಕೆಲಸ ಮುಗಿಯಿತು, ಹೆರ್ ಐತಾಳ. ಆಮೇಲೆ ಬರೀ ಬದುಕುವುದು" ಎಂದು ಪ್ರತಿದಿನ ಬೆಳಿಗ್ಗೆ ಬ್ರೆಡ್ಡು ಕತ್ತರಿಸುತ್ತಾ ಹೇಳುತ್ತಿದ್ದರು. ನಾನು ಅವರ ಮುಖ ನೋಡದೆ ಬೆಣ್ಣೆ ಸವರುತ್ತಿದ್ದೆ. ಏಕೆಂದರೆ ಅಷ್ಟರಲ್ಲಿ ನಾನು ಉಳಿದ ಹತ್ತು ಮನೆ ಅಳೆದಾಗಿತ್ತು. ಹತ್ತರಲ್ಲಿ ಏಳು ಒಂದು ಮೀಟರ್ ಹತ್ತರ ಕೆಳಗೆ ಬಂದಿದ್ದವು.

ಯಾರಿಗೂ ಹೇಳುವಂತಿರಲಿಲ್ಲ. ನಮ್ಮ ಪ್ರಾಜೆಕ್ಟ್ ಲೀಡರ್ ಬೆಯಾಟೆ ಸ್ಪಷ್ಟವಾಗಿ ಹೇಳಿದ್ದಳು: ಫಲಿತಾಂಶ ಸಭೆಯಲ್ಲಿ ಒಟ್ಟಿಗೆ, ಎಲ್ಲರಿಗೂ ಒಂದೇ ಸಲ. ಒಬ್ಬರಿಗೆ ಮೊದಲೇ ಗೊತ್ತಾಗಿ ಮನೆ ಮಾರಿಕೊಂಡರೆ ಕೊಂಡವನ ಗತಿ ಏನು ಎಂಬುದು ಅವಳ ವಾದ. ತಪ್ಪೇನಲ್ಲ. ಆದರೆ ಸಭೆಗೆ ಇನ್ನೂ ಎರಡು ವಾರ ಇತ್ತು, ಸೋಮವಾರಕ್ಕೆ ಕೆಲವೇ ದಿನ.

ನಾನು ಫ್ರಾವ್ ರಿಕ್ಟರ್ ಮನೆಯನ್ನು ಅಳೆಯದೆ ಬಿಟ್ಟಿದ್ದೆ. ನಾಳೆ, ನಾಡಿದ್ದು ಎಂದು ಮುಂದೂಡುತ್ತಿದ್ದೆ. ಸ್ಯಾಟಲೈಟ್ ಮೂಲಕ ಎತ್ತರ ಅಳೆಯುವ ಯಂತ್ರಕ್ಕೆ ಹುಲ್ಲಿನ ಸೂರಿನ ಅಡಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಲೆವೆಲಿಂಗ್ ಉಪಕರಣ ಹೂಡಿ, ಅಳತೆಕೋಲು ಹಿಡಿಯಲು ಇನ್ನೊಬ್ಬರು ಬೇಕು. ಸಹೋದ್ಯೋಗಿ ಫ್ಲೂ ಬಂದು ಮಲಗಿದ್ದಾನೆ. ಇವೆಲ್ಲ ನಿಜವೇ. ಆದರೆ ನಿಜವಾದ ಕಾರಣ ಬೇರೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ನಮ್ಮಲ್ಲಿ ಚಿಕ್ಕಂದಿನಿಂದ ಕಿವಿಯಲ್ಲಿ ತುಂಬಿದ ಮಾತು. ಜಂತೆ ಎಣಿಸುವುದೇ ಸಂಬಳದ ಕೆಲಸವಾದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಮಧ್ಯಾಹ್ನ ಊಟ ಬಿಟ್ಟು ಒಡ್ಡಿನ ಮೇಲೆ ಆಚೆ ತುದಿಯಿಂದ ಈಚೆ ತುದಿಗೆ ನಡೆಯುತ್ತಿದ್ದೆ. ಗಾಳಿಗೆ ಕಣ್ಣಲ್ಲಿ ನೀರು ಬರುತ್ತಿತ್ತು. ಒಡ್ಡಿನ ಕುರಿಗಳು ನನ್ನನ್ನು ಕಂಡರೆ ಏಳುವುದನ್ನೂ ಬಿಟ್ಟಿದ್ದವು.

ಗುರುವಾರ ಅಲ್ಲಿಂದಲೇ ಹೆಂಡತಿ ವೀಣಾಳಿಗೆ ಫೋನ್ ಮಾಡಿದೆ. ಅವಳು ನಮ್ಮ ಕೋಟದವಳೇ. ಸಂಕಟ ಹೇಳಿಕೊಂಡರೆ ಮರುಕ ಸಿಗುವುದು ಅಪರೂಪ.

"ಅವ್ರ್ ಮಾಡ್ ಹೊದ್ಸುಕೆ ಹೊರಟಿದ್ರ್ ಅಂತ್ರಿ, ನೀವ್ ಬಾಯಿ ಮುಚ್ಕಂಡ್ ಕೂಕಂಡಿದ್ರಿ. ಎಂತ ಮಾರ್ರೆ ಇದ್?" ಎಂದಳು.

"ಆಫೀಸಲ್ಲಿ ಹೇಳ್ಬೇಡಿ ಅಂದಿದ್ರ್ ಮಾರಾಯ್ತಿ. ಅಲ್ಲ್ದೆ ಅಳ್ತೆ ಮಾಡ್ದೆ ಹೇಳೂದ್ ಹ್ಯಾಂಗೆ?"

"ಹಾಂಗಾರೆ ಅಳ್ತೆ ಮಾಡಿ. ಅದ್ ನಿಮ್ ಕೆಲ್ಸ ಅಲ್ದಾ? ಮೊದ್ಲ್ ಅದ್ ಮಾಡಿ, ಸಂಕಟ ಮತ್ತೆ ಪಡಿ."

ಹಿಂದಿನಿಂದ ಮಗಳು ಅಪ್ಪ ಯಾವಾಗ ಬರುತ್ತಾನೆ ಎಂದು ಜರ್ಮನ್‌ನಲ್ಲಿ ಕೂಗಿದ್ದು ಕೇಳಿಸಿತು.

ಶುಕ್ರವಾರ ಬೆಳಿಗ್ಗೆ ಟ್ರೈಪಾಡ್ ಅಂಗಳಕ್ಕೆ ತಂದೆ. ಶಾಲೆಗೆ ಮಕ್ಕಳನ್ನು ಬಿಟ್ಟು ಬಂದ ಫ್ರಾವ್ ರಿಕ್ಟರ್, ಕೋಟು ಬಿಚ್ಚದೆ ನಿಂತು ನೋಡಿದರು.

"ಅಂತೂ ನನ್ನ ಮನೆಗೂ ಬಂದಿರಿ. ಊರೆಲ್ಲ ಅಳೆದು ನನ್ನದನ್ನು ಮಾತ್ರ ಯಾಕೆ ಬಿಟ್ಟಿದ್ದೀರಿ ಅಂತ ಯೋಚಿಸುತ್ತಿದ್ದೆ."

"ಕೋಲು ಹಿಡಿಯುವವರು ಇರಲಿಲ್ಲ" ಎಂದೆ.

"ಕೋಲು ಹಿಡಿಯುವುದಕ್ಕೆ ಡಿಪ್ಲೊಮಾ ಬೇಕೇ?" ಎಂದು ಅಳತೆಕೋಲನ್ನು ಕಿತ್ತುಕೊಂಡರು.

ಮೊದಲು ರಸ್ತೆ ತಿರುವಿನ ಬೆಂಚ್‌ಮಾರ್ಕಿನ ಮೇಲೆ ಕೋಲು ಇಡಿಸಿ ಓದಿದೆ. ಬೆಂಚ್‌ಮಾರ್ಕ್ ಎಂದರೆ ಎತ್ತರ ಖಚಿತವಾಗಿ ಗೊತ್ತಿರುವ ಗುರುತು. ಆಮೇಲೆ ಹೊಸಿಲಿನ ಮೇಲೆ. ಕೋಲು ನೆಟ್ಟಗಿದೆಯೇ ಎಂದು ಅದರ ನೀರಿನ ಗುಳ್ಳೆಯನ್ನು ಅವರೇ ನೋಡುತ್ತಿದ್ದರು. ಉಸಿರು ಬಿಗಿಹಿಡಿದದ್ದು ದುರ್ಬೀನಿನಲ್ಲಿ ನನಗೆ ಕಾಣುತ್ತಿತ್ತು. ಲೆಕ್ಕ ಮಾಡಲು ಒಂದು ಕೂಡು, ಒಂದು ಕಳೆ. ನಾನು ಮೂರು ಸಲ ಮಾಡಿದೆ. ತಲೆ ಎತ್ತಲು ಮನಸ್ಸಾಗಲಿಲ್ಲ.

"ಎಷ್ಟು?" ಎಂದರು.

ಸಭೆಯಲ್ಲಿ ಹೇಳುತ್ತೇವೆ ಎನ್ನಬೇಕಿತ್ತು. ಹತ್ತು ಮನೆಗಳಲ್ಲಿ ಹಾಗೆಯೇ ಅಂದಿದ್ದೆ. ಆದರೆ ಆ ಕೋಲನ್ನು ಹಿಡಿದು ನಿಂತಿದ್ದವರು ಅವರು, ನಿಂತಿದ್ದದ್ದು ಅವರದೇ ಹೊಸಿಲ ಮೇಲೆ.

"ತೊಂಬತ್ತೆರಡು ಸೆಂಟಿಮೀಟರ್" ಎಂದೆ.

ಹೆಚ್ಚು ಹೇಳುವ ಅಗತ್ಯ ಇರಲಿಲ್ಲ. ಒಂದು ಮೀಟರ್ ಹತ್ತು ಎಂಬುದು ಊರಲ್ಲಿ ಎಲ್ಲರಿಗೂ ಬಾಯಿಪಾಠ. ಅವರು ಹೊಸಿಲಿನಿಂದ ಒಂದು ಗೇಣಿನಷ್ಟು ಮೇಲೆ ಚೌಕಟ್ಟಿನ ಮೇಲೆ ಕೈ ಇಟ್ಟರು. ಅಲ್ಲಿಗೆ ನೀರು.

"ಇದರ ಬಗ್ಗೆ ನಿಮಗೆ ಮೊದಲೇ ಅನುಮಾನ ಇತ್ತು" ಎಂದರು. ಕೇಳಿದ್ದಲ್ಲ.

ಇತ್ತು ಎಂದೆ. ಉಂಡ ಮನೆಯ ಗಾದೆಯನ್ನೂ ಹೇಗೋ ಜರ್ಮನ್‌ಗೆ ತಿರುಗಿಸಿ ಹೇಳಿದೆ. ಅವರಿಗೆ ಸಿಟ್ಟು ಬಂತು.

"ಎಂಥ ಹುಚ್ಚು ಮಾತು! ಉಂಡವನು ಎಣಿಸದೆ ಇನ್ಯಾರು ಎಣಿಸಬೇಕು? ಹೊರಗಿನವನಿಗೆ ನನ್ನ ಮಾಡು ಬಿದ್ದರೆ ಏನು, ಇದ್ದರೆ ಏನು?" ಎಂದವರು ಕೋಲನ್ನು ಗೋಡೆಗೆ ಒರಗಿಸಿ ಒಳಗೆ ಹೋದರು. ಅಂದು ಊಟಕ್ಕೆ ಕರೆಯಲಿಲ್ಲ.

ಸಂಜೆಯಾಗುವುದರೊಳಗೆ ಎಲ್ಲ ಮನೆಗಳಿಂದ ಆಫೀಸಿಗೆ ಫೋನ್ ಹೋಗಿತ್ತು: ನಮ್ಮ ಅಂಕಿ ನಮಗೆ ಹೇಳಿ. ಬೆಯಾಟೆ ನನಗೆ ಫೋನ್ ಮಾಡಿ, "ಹೇಳಿದೆಯಾ?" ಎಂದಳು. ಹೇಳಿದೆ ಎಂದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವಳು ತಣ್ಣಗೆ, "ಹಾಗಾದರೆ ಉಳಿದ ಹತ್ತು ಮನೆಗೂ ನೀನೇ ಹೋಗಿ ಹೇಳು. ಫೋನಿನಲ್ಲಲ್ಲ, ಬಾಗಿಲಿಗೆ ಹೋಗಿ" ಎಂದಳು. ಬೈದಿದ್ದರೇ ಚೆನ್ನಾಗಿತ್ತು.

ಮುಂದಿನ ವಾರವಿಡೀ ಬಾಗಿಲು ತಟ್ಟಿದೆ. ಒಬ್ಬರು ಚಹಾ ಕೊಟ್ಟರು. ಒಬ್ಬರು ನನ್ನ ಅಂಕಿ ತಪ್ಪು ಎಂದು ಮತ್ತೆ ಅಳೆಸಿದರು; ಅದೇ ಬಂತು; ಮತ್ತೂ ಒಮ್ಮೆ ಅಳೆಸಿದರು. ಒಬ್ಬಾತ ಮುಖದ ಮೇಲೆ ಬಾಗಿಲು ಹಾಕಿ, ಮರುದಿನ ತಾನೇ ಬಂದು ನಾನಿದ್ದ ಮನೆಯ ಅಂಗಳದಲ್ಲಿ ನಿಂತು ಸಿಗರೇಟು ಸೇದಿ ಹೋದ. ಮೇಲೆ ಉಳಿದ ಮೂರು ಮನೆಯವರಿಗೂ ಖುಷಿಯೇನೂ ಆಗಲಿಲ್ಲ. ಸುತ್ತ ನೀರು ನಿಂತು, ಅಕ್ಕಪಕ್ಕದವರು ಹೋದ ಮೇಲೆ ಒಂಟಿ ದಿಬ್ಬದ ಮೇಲೆ ಯಾರ ಜೊತೆ ಮಾತಾಡುವುದು ಎಂದು ಅವರ ಚಿಂತೆ.

ಸಭೆಯ ದಿನ ನಾನು ಎಣಿಸಿದ್ದ ಗಲಾಟೆ ಆಗಲಿಲ್ಲ. ಅಳುವುದು, ಕೂಗುವುದು ಎಲ್ಲ ಮನೆಯಲ್ಲೇ ಮುಗಿಸಿ ಬಂದಿದ್ದರು. ಪರಿಹಾರ ಎಲ್ಲಿ, ಹೊಸ ಮನೆ ಎಲ್ಲಿ, ಪಂಪು ಕೆಟ್ಟರೆ ಯಾರು ಎಂದು ಕೇಳಬೇಕಾದದ್ದನ್ನೇ ಕೇಳಿದರು. ದೊಡ್ಡ ಪಂಪು ಹಾಕಿದರೂ ಬಸಿದಷ್ಟೂ ನೆಲ ಇಳಿಯುತ್ತಲೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಸಣ್ಣ ಪಂಪು ಹಾಕಿ ಹದಿನೈದು ವರ್ಷದ ನಂತರ ಔ ನದಿಗೆ ಅದರ ಹಳೆಯ ಡೊಂಕುಗಳನ್ನು ಬಿಟ್ಟುಕೊಡುವ ನಿರ್ಣಯಕ್ಕೆ ಮತ ಕೇಳಿದಾಗ ಮೊದಲು ಯಾರ ಕೈಯೂ ಏಳಲಿಲ್ಲ. ಆಮೇಲೆ ಫ್ರಾವ್ ರಿಕ್ಟರ್ ಎತ್ತಿದರು. ಅವರ ಹಿಂದೆ ಉಳಿದವರು.

ಮಾಡು ಹೊದೆಸುವವರು ಬಿರುಗಾಳಿಯಿಂದಾಗಿ ಆ ಸೋಮವಾರ ಬಂದಿರಲಿಲ್ಲ. ಗಾಳಿ ಇಳಿದು ಅವರು ಏಣಿ ಹಾಕುವಾಗ ನಾನು ಚೀಲ ಕಟ್ಟಿ ಹೊರಡುವುದರಲ್ಲಿದ್ದೆ. ಫ್ರಾವ್ ರಿಕ್ಟರ್ ಆ ಕೆಲಸದವರಿಗೆ ಪಶ್ಚಿಮದ ಇಳಿಜಾರು ಮಾತ್ರ ಹೊದೆಸಿ ಎಂದರು. ಸೋರುವುದು ಅದೊಂದೇ, ಪೂರ್ವದ್ದು ಹೇಗೋ ನಡೆಯುತ್ತದೆ.

"ಒಂದು ಬದಿ ಮಾತ್ರವಾ? ಒಳ್ಳೇ ಜೊಂಡು ಇದು, ನಲವತ್ತು ವರ್ಷ ಬಾಳುತ್ತದೆ" ಎಂದ ಮೇಸ್ತ್ರಿ.

"ಗೊತ್ತು" ಎಂದರು ಫ್ರಾವ್ ರಿಕ್ಟರ್. "ಹದಿನೈದೇ ವರ್ಷ ಬಾಳುವ ಜೊಂಡು ಎಲ್ಲಾದರೂ ಸಿಗುತ್ತದೆಯೇ?"

ಮೇಸ್ತ್ರಿ ನಗಲು ಹೋಗಿ ನನ್ನ ಮುಖ ನೋಡಿ ಏಣಿ ಹತ್ತಿದ.

ನೀರಿನ ಕೆಲಸದಲ್ಲಿ ಮಾಡೆಲ್ ಕಟ್ಟುವುದನ್ನು ಕಾಲೇಜು ಕಲಿಸಿತು. ಅಂಕಿ ಯಾರ ಹೊಸಿಲಿನದೋ ಅವರಿಗೆ, ಅವರ ಹೊಸಿಲಲ್ಲೇ, ಮೊದಲು ಹೇಳಬೇಕು ಎಂಬುದನ್ನು ಆ ಚಳಿಗಾಲ ಕಲಿಸಿತು. ಆಮೇಲೆ ಎಷ್ಟೋ ಊರುಗಳಲ್ಲಿ ಹಾಗೆಯೇ ಮಾಡಿದ್ದೇನೆ. ಆದರೆ ಈಗಲೂ ಬಾಗಿಲು ತಟ್ಟಿ, ಒಳಗಿನಿಂದ ಹೆಜ್ಜೆಯ ಸದ್ದು ಬರುವವರೆಗಿನ ಆ ಸ್ವಲ್ಪ ಹೊತ್ತಿನಲ್ಲಿ, ಮನೆಯಲ್ಲಿ ಯಾರೂ ಇಲ್ಲದಿದ್ದರೆ ಸಾಕಪ್ಪ ಎಂದು ಬೇಡಿಕೊಳ್ಳುತ್ತೇನೆ.