ಜೇಕು ಕಂಡರೆ ಬೇರು ನೋಡುವ ಯಮನೂರಮ್ಮ

ಹೊತ್ತು ಮೂಡಲು ಇನ್ನೂ ಸಮಯವಿದೆ. ಹನುಮಸಾಗರದ ಆಚೆಗಿನ ಈ ಸಣ್ಣ ಊರಿನ ಕೆರೆಯ ಬಳಿ ಒಬ್ಬ ಹೆಣ್ಣುಮಗಳು ಬಗ್ಗಿಕೊಂಡು ನಡೆಯುತ್ತಿದ್ದಾರೆ. ನೀರಿರುವ ಮಗ್ಗುಲಲ್ಲಲ್ಲ, ಏರಿಯ ಹಿಂಬದಿಯ ಬುಡದಲ್ಲಿ, ನೀರು ಇರಬಾರದ ಕಡೆ. ಕೈಯಲ್ಲಿ ಕಳೆ ಕೀಳುವ ಕುರ್ಪಿ, ನಡುವಿಗೆ ಸಿಕ್ಕಿಸಿದ ಸೆರಗು. ಕಾಲಿಗೆ ಚಪ್ಪಲಿಯಿಲ್ಲ, ಚಪ್ಪಲಿ ಮೆಟ್ಟಿದರೆ ನೆಲದ ತಂಪು ಅಂಗಾಲಿಗೆ ತಿಳಿಯುವುದಿಲ್ಲವಂತೆ. ಅಲ್ಲಲ್ಲಿ ನಿಂತು ಒಂದು ಹುಲ್ಲಿನ ದಂಟು ಕೀಳುತ್ತಾರೆ, ಎರಡು ಬೆರಳ ನಡುವೆ ಹೊರಳಿಸುತ್ತಾರೆ, ಬಿಸಾಕಿ ಮುಂದೆ ಹೋಗುತ್ತಾರೆ. ದೂರದಿಂದ ನೋಡಿದವರಿಗೆ ಮೂಗುತಿ ಕಳಕೊಂಡು ಹುಡುಕುತ್ತಿರುವಂತೆ ಕಾಣುತ್ತದೆ. ಕೆಳಗಿನ ಹೊಲದಲ್ಲಿ ಹೊಸದಾಗಿ ಎದ್ದಿರುವ ಎರಡು ಖೋಲಿಯ ಮನೆಯ ಮುಂದೆ ಒಲೆ ಹೊಗೆಯಾಡುತ್ತಿದೆ.

ಇವರು ಯಮನೂರಮ್ಮ. ವಯಸ್ಸು ಐವತ್ತರ ಹತ್ತಿರ. ಊರಿನ ನೀರುಗಂಟಿ ಹುಸೇನಪ್ಪನವರ ಹೆಂಡತಿ. ಕೆರೆಯ ತೂಬು ಎತ್ತುವುದು, ಇಳಿಸುವುದು, ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಎಂದು ಹೇಳಿ ಎಲ್ಲರಿಂದ ಬೈಸಿಕೊಳ್ಳುವುದು ಗಂಡನ ಕೆಲಸ. ಏರಿ ಎಲ್ಲಿಯಾದರೂ ಸೋರುತ್ತಿದೆಯೇ ಎಂದು ಹುಲ್ಲು ನೋಡಿ ಹೇಳುವುದು ಹೆಂಡತಿಯ ಕೆಲಸ. ಮೊದಲನೆಯದಕ್ಕೆ ಸುಗ್ಗಿಯಲ್ಲಿ ಊರಿನಿಂದ ಜೋಳ ಬರುತ್ತದೆ. ಎರಡನೆಯದಕ್ಕೆ ಏನೂ ಬರುವುದಿಲ್ಲ. ಅದೂ ಒಂದು ಕೆಲಸವೆಂದು ಊರು ಒಪ್ಪಿಕೊಳ್ಳುವುದಕ್ಕೇ ಬಹಳ ವರ್ಷ ಹಿಡಿದಿದೆ.

ಮಣ್ಣಿನ ಏರಿಯೊಳಗೆ ನೀರು ಜಿನುಗತೊಡಗಿದಾಗ ಮೊದಲು ಕಾಣುವುದು ನೀರಲ್ಲ, ಹುಲ್ಲು. ಒಣ ನೆಲದ ಕರಿಕೆ ಹುಲ್ಲಿನ ನಡುವೆ ಜವುಳು ನೆಲದ ಜೇಕು ತಲೆ ಎತ್ತುತ್ತದೆ. ಜೇಕನ್ನು ಹುಲ್ಲೆಂದು ಜನ ಕರೆದರೂ ಅದರ ಜಾತಿಯೇ ಬೇರೆ. ಯಮನೂರಮ್ಮ ಎರಡು ದಂಟು ಕಿತ್ತು, ಕೇಳುತ್ತ ನಿಂತವರ ಅಂಗೈಯಲ್ಲಿಟ್ಟು ವಿವರಿಸುತ್ತಾರೆ:

“ಸಾದಾ ಹುಲ್ಲಿನ ದಂಟು ಗುಂಡಗ ಇರತೈತ್ರಿ, ನಡುನಡುವ ಗಂಟು. ಜೇಕಿಗೆ ಗಂಟಿಲ್ಲ, ಮೂರು ಮೂಲಿ ಇರತಾವು. ಹೊಳ್ಳಿಸಿ ನೋಡ್ರಿ, ಬೆರಳಿಗೇ ಗೊತ್ತಾಕ್ಕೈತಿ. ಇನ್ನ ಎಲೀನೇ ಇಲ್ಲದ ಬರೇ ಕಡ್ಡಿ ಎದ್ದು ನಿಂತಿತ್ತಂದ್ರ ಅಲ್ಲಿ ನೀರು ಭಾಳ ದಿನದಿಂದ ಐತಿ ಅಂತ ಲೆಕ್ಕ. ಆಳೆತ್ತರದ ಆಪಿನ ಹುಲ್ಲು ಬರೂತನಕ ಕುಂತ್ರ ಮುಗೀತು. ಅಷ್ಟೊತ್ತಿಗೆ ಕಪ್ಪಿ ಒದರತಿರತಾವು, ನನ್ನ ಯಾರು ಕೇಳತಾರ?”

ಬೆಳಗಿನ ಈ ಸುತ್ತು ಕುರಿಗಳು ಬರುವ ಮೊದಲೇ ಮುಗಿಯಬೇಕು. ಎಳೆಯ ಜೇಕನ್ನು ಕುರಿ ಮೇಯ್ದರೆ ಸಾಕ್ಷಿಯೇ ಹೊಟ್ಟೆಗೆ ಹೋದಂತೆ. ಕೆರೆ ತುಂಬಿದ ವರ್ಷ ದಿನಾ ಒಂದು ಸುತ್ತು, ಅರೆಬರೆ ಇದ್ದರೆ ವಾರಕ್ಕೊಂದೆರಡು. ಕಾಲಿಗೆ ಮುಳ್ಳು ಚುಚ್ಚಿದ ಲೆಕ್ಕ ಇಟ್ಟಿಲ್ಲ. ಹಾವು ಕಂಡದ್ದುಂಟು, ಕಚ್ಚಿಲ್ಲ. ಅದರ ಪಾಡಿಗೆ ಅದು, ತನ್ನ ಪಾಡಿಗೆ ತಾನು ಎನ್ನುವ ಒಪ್ಪಂದ ಇಬ್ಬರ ನಡುವೆ ಇದ್ದಂತಿದೆ.

ಯಮನೂರಮ್ಮನ ತವರು ಗಂಗಾವತಿ ಕಡೆಯ ಕಾಲುವೆ ಸೀಮೆ. ಲಂಗ ಉಡುವ ವಯಸ್ಸಿನಲ್ಲೇ ತಾಯಿಯ ಬೆನ್ನಿಗೆ ಭತ್ತದ ಗದ್ದೆಗೆ ಕಳೆ ತೆಗೆಯಲು ಇಳಿದವರು. ಎಳೆಯ ಭತ್ತ, ಎಳೆಯ ಜೇಕು ಎರಡೂ ಒಂದೇ ಹಸಿರು. ಕೆಸರು ನೀರಿನಲ್ಲಿ ಬುಡ ಕಾಣುವುದಿಲ್ಲ. ಕೈತಪ್ಪಿ ಭತ್ತ ಕಿತ್ತರೆ ಬೈಗುಳ, ಜೇಕು ಬಿಟ್ಟರೂ ಬೈಗುಳ. ಹಾಗಾಗಿ ಕಣ್ಣಿನ ಕೆಲಸವನ್ನು ಬೆರಳು ಕಲಿತುಕೊಂಡಿತು. 1997ರಲ್ಲಿ ಮದುವೆಯಾಗಿ ಕುಷ್ಟಗಿ ತಾಲ್ಲೂಕಿನ ಈ ಮಳೆಯಾಶ್ರಿತ ಊರಿಗೆ ಬಂದಾಗ, ಇನ್ನು ಜೇಕಿನ ಕಾಟ ತಪ್ಪಿತೆಂದು ಖುಷಿಪಟ್ಟಿದ್ದರಂತೆ.

ತಪ್ಪಲಿಲ್ಲ. ಅತ್ತೆ ದುರಗಮ್ಮ ಕೆರೆಯಂಗಳದ ಜೇಕು ಕೊಯ್ದು ಚಾಪೆ ಹೆಣೆಯುತ್ತಿದ್ದರು. ಸೊಸೆಯ ಬೆರಳಿನ ಗುಣ ಕಂಡು ಕುಡುಗೋಲು ಕೈಗೆ ಕೊಟ್ಟರು, ಜೊತೆಗೆ ಒಂದು ಮಾತನ್ನೂ ಹೇಳಿದರು: “ಏರಿ ಹಿಂದ ಜೇಕು ಕಂಡ್ರ ಚಾಪಿಗೆ ಕೊಯ್ಯಬ್ಯಾಡವಾ, ಗಂಡಸರನ್ನ ಕರಿ.” ಅತ್ತೆ ತೀರಿಕೊಂಡ ಮೇಲೆ ಚಾಪೆ ಕೊಳ್ಳುವವರೂ ಇಲ್ಲವಾದರು. ಆ ಮಾತು ಮಾತ್ರ ಉಳಿಯಿತು.

ಅದೇ ಮಾತು ಒಮ್ಮೆ ಯಮನೂರಮ್ಮನನ್ನು ಕೆಡವಿತು. 2009ರಲ್ಲಿ ಮಳೆ ಹುಚ್ಚು ಹಿಡಿದಂತೆ ಸುರಿದು ಕೆರೆ ಕೋಡಿ ಬಿದ್ದಿತ್ತು. ಸುತ್ತಲಿನ ಊರುಗಳಿಂದ ಬರೀ ಕೆಟ್ಟ ಸುದ್ದಿ. ಮಳೆ ನಿಂತ ಕೆಲವೇ ದಿನಕ್ಕೆ ಏರಿಯ ಹಿಂಬದಿಯಲ್ಲಿ ಒಂದು ಮಾರಗಲ ಹೊಸ ಚಿಗುರು ಕಾಣಿಸಿತು. ಹೊರಳಿಸಿ ನೋಡಿದರು, ಮೂರು ಮೂಲೆ. ಓಡಿಹೋಗಿ ಗಂಡನಿಗೆ ಹೇಳಿದರು, ಗಂಡ ಊರಿಗೆ ಹೇಳಿದರು. ಹೆದರಿದ್ದ ಊರು ಹಿಂದೆಮುಂದೆ ನೋಡದೆ ತೂಬು ಎತ್ತಿ ಅರ್ಧ ಕೆರೆ ಖಾಲಿ ಮಾಡಿತು.

ಆಮೇಲೆ ಅಗೆದು ನೋಡಿದರೆ ಮಣ್ಣು ಒಳಗೆ ಒಣಗಿಯೇ ಇತ್ತು. ಬಂದದ್ದು ಕೊನ್ನಾರಿ. ಅದೂ ಜೇಕಿನ ಬಳಗವೇ, ದಂಟೂ ಮೂರು ಮೂಲೆಯದೇ. ಆದರೆ ಒಣ ಹೊಲದಲ್ಲೂ ಬೆಳೆಯುವ ಕಳೆ, ನೀರಿಗೆ ಸಾಕ್ಷಿಯಲ್ಲ. ಹಿಂದಿನ ಬೇಸಿಗೆಯಲ್ಲಿ ಏರಿ ದುರಸ್ತಿಗೆಂದು ಊರವರೇ ಒಂದು ಹೊಲದ ಮಣ್ಣು ತಂದು ಸುರಿದಿದ್ದರು. ಮಣ್ಣಿನ ಜೊತೆ ಗಡ್ಡೆಯೂ ಬಂದಿತ್ತು. ದಂಟು ಸುಳ್ಳು ಹೇಳಿರಲಿಲ್ಲ, ಯಮನೂರಮ್ಮ ಬೇರು ಕೇಳಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಾಲುವೆಯ ಕಡೆಯ ಹೊಲಕ್ಕೆ ನೀರು ಮುಟ್ಟಲಿಲ್ಲ. ಕಾಲುವೆ ಊರ ಹೊಲಗಳನ್ನೆಲ್ಲ ಸುತ್ತಿ ಮತ್ತೆ ಏರಿಯ ಬುಡಕ್ಕೇ ಬಂದು ಮುಗಿಯುವ ಆ ಹೊಲ ಕರಿಯವ್ವನದು. ಕಾಯಿ ಕಟ್ಟುವ ಹೊತ್ತಿಗೆ ಶೇಂಗಾ ಒಣಗಿತು, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಯಮನೂರಮ್ಮನಿಗಿಂತ ಹತ್ತು ವರ್ಷ ದೊಡ್ಡವರಾದ ಕರಿಯವ್ವ ಜಗಳವಾಡಲಿಲ್ಲ, ಶಾಪ ಹಾಕಲಿಲ್ಲ. ಮಾತು ಬಿಟ್ಟರು, ಅಷ್ಟೇ. ಬಾವಿಕಟ್ಟೆಯಲ್ಲಿ ಎದುರಾದರೆ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋಗುತ್ತಿದ್ದರು. ಊರಿನ ಉಳಿದವರು ಮಾತು ಬಿಡುವ ಬದಲು ಹೆಚ್ಚು ಆಡಿದರು. ಕೊನ್ನಾರಿ ಯಮನೂರಿ ಎಂದು ಹೆಸರಿಟ್ಟರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆಯನ್ನು ಹುಸೇನಪ್ಪನವರೇ ಹೆಂಡತಿಗೆ ಆಗಾಗ ನೆನಪಿಸುತ್ತಿದ್ದರು.

ಊರ ಬಾಯಿಯನ್ನು ಯಮನೂರಮ್ಮ ತಡೆದುಕೊಂಡರು. ಕರಿಯವ್ವನ ಮೌನವನ್ನು ತಡೆದುಕೊಳ್ಳುವುದು ಕಷ್ಟವಾಯಿತು. “ಬೈದಿದ್ರ ತೀರತಿತ್ರಿ. ಅಕಿ ಹೊಲದ ಮುಂದ ಹಾಯೂದು ಬಿಟ್ಟು ಸುತ್ತು ಬಳಸಿ ಹೋಗತಿದ್ದೆ,” ಎನ್ನುತ್ತಾರೆ. ಆದರೂ ಏರಿಯ ಸುತ್ತು ಬಿಡಲಿಲ್ಲ. ನೋಡುವ ರೀತಿ ಬದಲಾಯಿತು. ಅಂದಿನಿಂದ ದಂಟಿನ ಜೊತೆ ಬೇರು. ಕುರ್ಪಿಯಿಂದ ಅಗೆದು ಎತ್ತಿದಾಗ ದಾರದಲ್ಲಿ ಪೋಣಿಸಿದಂತೆ ಕರಿ ಗಡ್ಡೆ ಬಂದು, ಜಜ್ಜಿದರೆ ಘಮ್ಮೆಂದರೆ ಕೊನ್ನಾರಿ. ಗಡ್ಡೆಯಿಲ್ಲದೆ ಬರೀ ಕೆಂಪುಗೂದಲಿನಂಥ ಬೇರು ಬಂದು, ಮೇಲೆ ಹೂವಿನ ತಲೆ ಗುಂಡಗೆ ಉಂಡೆ ಕಟ್ಟಿದ್ದರೆ ಅದು ನೀರು ಕುಡಿದೇ ಬದುಕುವ ಜೇಕು.

2021ರ ಫೆಬ್ರುವರಿಯಲ್ಲಿ ಅದು ಬಂತು. ಹಿಂಬದಿಯ ಕರಿಕೆಯೆಲ್ಲ ಒಣಗಿ ಕಂದಾಗಿದ್ದಾಗ ಬುಡದಲ್ಲಿ ಒಂದು ಚಾಪೆಯಷ್ಟಗಲ ಹಸಿರು. ಗುಂಡುತಲೆಯ ಜೇಕು, ನಡುವೆ ನಾಲ್ಕಾರು ಎಲೆಯಿಲ್ಲದ ಕಡ್ಡಿ. ಅಗೆದರು, ಗಡ್ಡೆಯಿಲ್ಲ. ಮತ್ತೆರಡು ಕಡೆ ಅಗೆದರು, ಅಲ್ಲೂ ಇಲ್ಲ. ಹೇಳಿದರೆ ಕೊನ್ನಾರಿ ಯಮನೂರಿ ಮತ್ತೆ ಕೂಗಿದಳು ಎಂದು ನಗುತ್ತಾರೆ. ಹೇಳದಿದ್ದರೆ ಏರಿ ಎಂದೋ ಒಂದು ದಿನ ಬಾಯಿ ಬಿಡುತ್ತದೆ. ಆ ಹಸಿರಿನ ನೇರ ಕೆಳಗೆ ಇದ್ದದ್ದು ಕರಿಯವ್ವನ ಹೊಲ, ಅದರಲ್ಲಿ ಹೂ ಬಿಟ್ಟ ಶೇಂಗಾ.

ಯಮನೂರಮ್ಮ ಗಂಡನ ಬಳಿಗೂ ಹೋಗಲಿಲ್ಲ, ಪಂಚರ ಬಳಿಗೂ ಹೋಗಲಿಲ್ಲ. ಮಣ್ಣು ಸಮೇತ ಒಂದು ಬುಡ ಕಿತ್ತು ಬುಟ್ಟಿಯಲ್ಲಿಟ್ಟುಕೊಂಡು ಕರಿಯವ್ವನ ಬಾಗಿಲಿಗೆ ಹೋದರು. ಹೆಚ್ಚುಕಡಿಮೆ ಪಾಂಡವರ ವನವಾಸದಷ್ಟು ಕಾಲ ಮಾತಿಲ್ಲದ ಬಾಗಿಲು ಅದು. ಬುಟ್ಟಿಯನ್ನು ಹೊಸ್ತಿಲ ಮುಂದಿಟ್ಟು ಹೇಳಿದ್ದು ಇಷ್ಟೇ: “ಯಕ್ಕಾ, ನಾ ಏನೂ ಅನ್ನೂದಿಲ್ಲ. ನೀನ ನೋಡು.”

ಕರಿಯವ್ವ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡರು. ಆಮೇಲೆ ದಂಟು ಹೊರಳಿಸಿದರು, ಬೇರು ಬಿಡಿಸಿದರು, ಮೂಸಿದರು. ಕೊನ್ನಾರಿಯ ವಾಸನೆ ಅವರಿಗೆ ಯಾರೂ ಕಲಿಸಬೇಕಿರಲಿಲ್ಲ. ಸಲಿಕೆ ಹೆಗಲಿಗಿಟ್ಟು ಏರಿಗೆ ನಡೆದರು, ತಾವೇ ಅಗೆದರು. ಮೊಣಕಾಲುದ್ದ ಇಳಿಯುವಷ್ಟರಲ್ಲಿ ಕುಣಿಯ ತಳ ಒದ್ದೆಯಾಗಿ, ನೋಡನೋಡುತ್ತಿದ್ದಂತೆ ನೀರು ಕೂಡಿತು. ತೂಬು ಎತ್ತಿ ಕೆರೆ ಇಳಿಸಿದರೆ ನೀರಿಲ್ಲದೆ ಮೊದಲು ಕೆಡುವುದು ತಮ್ಮ ಶೇಂಗಾ ಎಂದು ಕರಿಯವ್ವನಿಗೆ ಗೊತ್ತಿತ್ತು. ಆದರೂ ಊರ ಮುಂದೆ ಹೋಗಿ ನಿಂತು ಮಾತಾಡಿದವರು ಅವರೇ: “ತೂಬು ಎತ್ರಿ. ಈ ಸಲ ಹೇಳಾಕತ್ತಾಕಿ ನಾನು.” ನಗುವ ಧೈರ್ಯ ಯಾರಿಗೂ ಆಗಲಿಲ್ಲ.

ತಾಲ್ಲೂಕಿನಿಂದ ಬಂದ ಎಂಜಿನಿಯರ್ ಎರಡು ದಿನ ನಿಂತು ಏರಿ ಬಿಚ್ಚಿಸಿದರು. ಹಿಂದೆಂದೋ ಕಡಿದ ಜಾಲಿಮರದ ಬೇರು ಒಳಗೇ ಕೊಳೆತು, ಆ ಜಾಗದಲ್ಲಿ ಕೊಳವೆಯಂತೆ ಪೊಳ್ಳು ಬಿದ್ದಿತ್ತು. ಮುಂದಿನ ಮಳೆಗೆ ಏರಿ ನಿಲ್ಲುತ್ತಿರಲಿಲ್ಲ ಎಂದು ಅವರು ಹೇಳಿ, ಎರೆಮಣ್ಣು ತುಂಬಿಸಿ ದಮ್ಮಸ್ಸು ಹೊಡೆಸಿ ಗಟ್ಟಿ ಮಾಡಿಸಿದರು. ಕರಿಯವ್ವನಿಗೆ ಆ ವರ್ಷ ಅರ್ಧ ಬೆಳೆ ಬಂತು. ಅದರಲ್ಲೇ ಒಂದು ಮೊರ ಹಸಿ ಶೇಂಗಾ ಯಮನೂರಮ್ಮನ ಮನೆಗೂ ಬಂತು.

ಬಿಸಿಲು ಏರುತ್ತಿದೆ. ದೂರದಲ್ಲಿ ಕುರಿಗಳ ಸದ್ದು. ಸುತ್ತು ಮುಗಿಯುವ ಮುನ್ನ ಯಮನೂರಮ್ಮನ ಕೈಗೆ ಒಂದು ಮೂರು ಮೂಲೆಯ ದಂಟು ಸಿಗುತ್ತದೆ. ಕೂತು ಅಗೆಯುತ್ತಾರೆ. ಕರಿ ಗಡ್ಡೆಗಳ ಸರ ಹೊರಬರುತ್ತದೆ. ಜಜ್ಜಿ ಮೂಸಿ, ಮುಖ ಸಡಿಲಿಸಿ, ಗಡ್ಡೆ ಸೆರಗಿಗೆ ಕಟ್ಟಿಕೊಳ್ಳುತ್ತಾರೆ. ತಲೆಗೆ ಹಚ್ಚುವ ಎಣ್ಣೆಗೆ ಬೇಕೆಂದು ಕರಿಯವ್ವ ಕೇಳಿದ್ದಾರಂತೆ.

ಊರಿನಿಂದ ಏನಾದರೂ ಬೇಕೇ ಎಂದರೆ, ಏರಿ ಮೇಲಿನ ಜಾಲಿಯನ್ನು ಬೇರು ಸಮೇತ ಕೀಳಿಸಬೇಕು, ಅಷ್ಟಾದರೆ ಸಾಕು ಎನ್ನುತ್ತಾರೆ. ಆಮೇಲೆ ಕುರ್ಪಿಯಿಂದ ಕೆಳಗಿನ ಹೊಲದ ಹೊಸ ಮನೆಯನ್ನು ತೋರಿಸುತ್ತಾರೆ. ಒಲೆಯ ಹೊಗೆ ಈಗ ತೆಳ್ಳಗಾಗಿದೆ.

“ಅದು ಕರಿಯವ್ವಕ್ಕನ ಮನೀರಿ. ಹೋದ ವರ್ಷ ಕಟ್ಯಾಳ. ಇಲ್ಲಿ ಕಟ್ಟಲೇನ, ಏರಿ ಗಟ್ಟಿ ಐತೇನ ಅಂತ ಒಂದು ಮಾತು ನನ್ನ ಕೇಳತಾಳ ಅನ್ಕೊಂಡಿದ್ದೆ. ಕೇಳಲೇ ಇಲ್ಲ. ಮೊಮ್ಮಕ್ಕಳನ್ನ ಮಗ್ಗಲದಾಗ ಹಾಕ್ಕೊಂಡು ಏರಿ ಬುಡದಾಗ ಮಲಗತಾಳ್ರಿ ಅಕಿ. ನಿದ್ದಿ ಛಲೋ ಬರತೈತಂತ.”