ಪಾದ ಇಲ್ಲದೆ ಹೋದವರು

ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ವೀಳ್ಯದೆಲೆಯ ವಾಸನೆ ಎಲ್ಲೇ ಮೂಗಿಗೆ ಬಡಿಯಲಿ, ಸವಣೂರಿನ ನಮ್ಮ ಪಡಸಾಲೆ ಕಣ್ಣೆದುರು ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಅಪ್ಪನಿಗೆ ಊರಾಚೆ ಸಣ್ಣದೊಂದು ಎಲೆತೋಟವಿತ್ತು. ದೇವರೊಂದಿಗೆ ಮಾತ್ರ ಯಾವ ವ್ಯವಹಾರವೂ ಇರಲಿಲ್ಲ. ಲಿಂಗಾಯತರ ಮನೆಯಾದರೂ ಮಕ್ಕಳಿಗೆ ಆತ ಲಿಂಗ ಕಟ್ಟಿಸಲಿಲ್ಲ. ದೇವರ ಜಗುಲಿಯ ಮೇಲೆ ರೇಡಿಯೊ ಕೂತಿತ್ತು. ‘ನಿಮ್ಮ ಮನಿ ದೇವ್ರು ಭಾಳ ಮಾತಾಡತೈತಿ ಬಿಡ್ರಿ’ ಎಂದು ಪಕ್ಕದ ಮನೆಯ ನೀಲವ್ವ ಛೇಡಿಸಿದರೆ ಅಪ್ಪ, ‘ಕೇಳಿದ್ದಕ್ಕ ಉತ್ತರ ಕೊಡೂದಿಲ್ಲ, ಅದೂ ದೇವ್ರ ಹಂಗ ಐತಿ’ ಎಂದು ನಗುತ್ತಿದ್ದ. ನಾನೂ ತಂಗಿ ಗಂಗಿಯೂ ಆ ನಗೆಯಲ್ಲೇ ಬೆಳೆದೆವು. ಯಾವುದಕ್ಕೂ ಹೆದರಿದ ನೆನಪಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಗಂಗಿ ಜ್ವರ ಬಂದು ತೀರಿಕೊಂಡಳು. ಶಾಲೆಯಲ್ಲಿ ಆಕೆಗೆ ಆಗಿನ್ನೂ ಎರಡನೆಯ ಇಯತ್ತೆ. ನಮ್ಮವರಲ್ಲಿ ಮಣ್ಣು ಮಾಡುವ ಮೊದಲು ಜಂಗಮ ಅಯ್ಯನವರು ಬಂದು ಸತ್ತವರ ತಲೆಯ ಮೇಲೆ ಪಾದ ಇಡಬೇಕು. ಆಗಲೇ ಜೀವ ಶಿವನನ್ನು ಮುಟ್ಟುವುದು ಎಂಬ ನಂಬಿಕೆ. ಅಯ್ಯನವರು ಬಂದರು. ಅವ್ವ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಅಪ್ಪ ಅಡ್ಡ ನಿಂತ. ‘ನನ್ನ ಕೂಸಿನ ತಲಿ ಮ್ಯಾಲೆ ಯಾರೂ ಕಾಲಿಡಬ್ಯಾಡ್ರಿ’ ಎಂದ. ಆಕೆಯನ್ನು ಹಾಗೆಯೇ ಒಯ್ದರು. ಹಿಂದಿನಿಂದ ನೀಲವ್ವ, ‘ಪಾದ ಇಲ್ದ ಹೋತು ಕೂಸು. ಇನ್ನ ಎಲ್ಲಿ ಮುಟ್ಟೀತು, ಅಲೀತಿರತೈತಿ’ ಎಂದಳು. ಆ ಮಾತು ನನ್ನ ಬೆನ್ನು ಬಿಡಲಿಲ್ಲ. ಸಂಜೆ ಬಾಗಿಲು ಮುಚ್ಚುವಾಗ ಗಂಗಿ ಹೊರಗೇ ಉಳಿದಳೆನಿಸಿ ಕೈ ನಿಂತುಬಿಡುತ್ತಿತ್ತು. ಗಂಗಿ ಎಲ್ಲಿದ್ದಾಳೆಂದು ಅಪ್ಪನನ್ನು ಕೇಳಿದೆ. ‘ಎಲ್ಲೂ ಇಲ್ಲ ಮಗಳ’ ಎಂದವನು ತಲೆ ಎತ್ತದೆ ಎಲೆ ಆರಿಸುತ್ತಲೇ ಇದ್ದ.

ದೊಡ್ಡವಳಾದ ಮೇಲೆ ಹಾನಗಲ್ಲಿನ ಬಸ್ಸು ಹತ್ತಿದೆ. ಆ ಕಡೆಯ ಹಳ್ಳಿಯೊಂದರ ಮಠದ ಸ್ವಾಮಿಗಳಾದ ಅಜ್ಜಾರು ನನಗೆ ಲಿಂಗ ಕಟ್ಟಿದರು. ‘ಅಂಜಬ್ಯಾಡ ತಂಗಿ. ನಿಷ್ಠಿಲೆ ಪೂಜಿ ಮಾಡು, ಎಲ್ಲಾ ತಿಳೀತೈತಿ’ ಎಂದರು. ಅಂಗೈಯಲ್ಲಿ ಲಿಂಗವಿಟ್ಟು ಕೂತಾಗ ಮನಸ್ಸು ನಿಲ್ಲುತ್ತಿತ್ತು, ಲೋಕಕ್ಕೊಂದು ನೆಲೆಯಿದೆ ಎನಿಸುತ್ತಿತ್ತು. ಆದರೆ ಪಾದ ಇಡಿಸಿಕೊಂಡವರು ಶಿವನನ್ನು ಮುಟ್ಟುತ್ತಾರೆಂಬುದು ಗಟ್ಟಿಯಾದಷ್ಟೂ ಗಂಗಿ ಮುಟ್ಟಲಿಲ್ಲವೆಂಬುದೂ ಗಟ್ಟಿಯಾಗುತ್ತ ಹೋಯಿತು. ಅದನ್ನು ತಡೆಯಲು ನನ್ನಿಂದ ಆಗಲಿಲ್ಲ. ಅಪ್ಪ ನನ್ನ ಕೊರಳಿನ ಲಿಂಗ ನೋಡಿದ. ಜಗುಲಿಯಿಂದ ರೇಡಿಯೊ ಇಳಿಸಿ ಜಾಗ ಮಾಡಿಕೊಟ್ಟ.

ಕೆಲವು ವರ್ಷಕ್ಕೆ ಆತ ಹಾಸಿಗೆ ಹಿಡಿದ. ಒಂದು ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡ. ‘ನಿನ್ನ ದೇವ್ರು ಇದ್ರೂ ಇರಬಹುದವಾ, ನನಗೇನ ಗೊತ್ತು. ಆದ್ರ ನನಗ ಪಾದ ಇಡಿಸಬ್ಯಾಡ. ಗಂಗಿ ಇನ್ನೂ ಎಲ್ಲೆರ ಅಲಿಯಾಕತ್ತಿದ್ರ, ಒಬ್ಬಾಕಿನ ಅದಾಳ.’ ನೀಲವ್ವನ ಮಾತು ಅಪ್ಪನ ಕಿವಿಗೂ ಬಿದ್ದಿತ್ತೆಂದು ನನಗೆ ತಿಳಿದದ್ದು ಆವತ್ತೇ.

ಅಪ್ಪ ಹೋದ ದಿನ ಅವ್ವ ಅಯ್ಯನವರನ್ನು ಕರೆಸಿದಳು. ಲಿಂಗ ಕಟ್ಟಿಕೊಂಡ ಮಗಳಾದರೂ ತನ್ನ ಕಡೆ ನಿಂತಾಳೆಂದು ಆಕೆ ನಂಬಿದ್ದಳು. ನಾನು ಅಂಗಳಕ್ಕಿಳಿದು ಅವರ ಪಾದ ಮುಟ್ಟಿ ನಮಸ್ಕರಿಸಿದೆ. ‘ಒಳಗ ಬರಬ್ಯಾಡ್ರಿ ಅಯ್ಯನೋರ, ಅಪ್ಪ ಗಂಗೀ ಕಡೆ ಹೊಂಟಾನ್ರಿ’ ಎಂದೆ. ಅವ್ವ ಒಳಗೆ ಚೀರಿ ಅತ್ತಳು.

ಈಗಲೂ ದಿನಾ ಪೂಜೆಗೆ ಕೂಡುತ್ತೇನೆ. ನನಗಾಗಿ ಏನನ್ನೂ ಬೇಡುವುದಿಲ್ಲ. ಅಪ್ಪನಿಗೆ ಗಂಗಿ ಸಿಕ್ಕಿರಲಿ ಎನ್ನುತ್ತೇನೆ.